ಬಿಷಪ್ ಜೀನ್ ರಾಬಿನ್ಸನ್ ಯಾರು?



ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಸಮೀಪದ ಚಿಕ್ಕಬಾಣಾವರದಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬವೊಂದರ ಮನೆ ಆಶೀರ್ವಾದಕ್ಕೆ ಹೋಗಿದ್ದೆ. ಊಟವಾದ ಮೇಲೆ ಮನೆಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಫಾದರ್, ಸಲಿಂಗಿಯೊಬ್ಬರು ಬಿಷಪ್ ಆಗಿದ್ದರಂತೆ, ನಿಜವೇ?" ಎಂದು ಕೇಳಿದರು. ಮಗ ಹೇಳಿದನಂತೆ. ಮಗ ಏಕೆ ಹೇಳಿದ ಎಂದು ಅವರು ತಿಳಿಸಲಿಲ್ಲ, ನಾನೂ ಕೇಳಲಿಲ್ಲ. ಅಂದು ಅವಸರದಲ್ಲಿ ಕೊಟ್ಟ ಅರ್ಧ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ಸಂಗತಿ ನಿಜ. ಆದರೆ ಅವರು ಕಥೋಲಿಕರಲ್ಲ. ಅಮೆರಿಕದ ಎಪಿಸ್ಕೋಪಲ್ ಸಭೆಯವರು; ಅದು ಆಂಗ್ಲಿಕನ್ ಒಕ್ಕೂಟಕ್ಕೆ ಸೇರಿದೆ. ನಮ್ಮ ನೆರೆಯ ಸಿ.ಎಸ್.ಐ. ಸಭೆಯೂ ಅದೇ ಒಕ್ಕೂಟದ ಸದಸ್ಯ. ಅಲ್ಲಿ ಬಿಷಪರನ್ನು ಗುರುಗಳೂ ವಿಶ್ವಾಸಿಗಳ ಪ್ರತಿನಿಧಿಗಳೂ ಮತ ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಪೋಪ್ ಜಗದ್ಗುರುಗಳು ನೇಮಿಸುತ್ತಾರೆ.

ಜೀನ್ ರಾಬಿನ್ಸನ್ 1947ರಲ್ಲಿ ಕೆಂಟಕಿ ರಾಜ್ಯದ ಬಡ ತಂಬಾಕು ಗೇಣಿದಾರರ ಮನೆಯಲ್ಲಿ ಹುಟ್ಟಿದರು. ಮಗು ಉಳಿಯುವುದಿಲ್ಲವೆಂದೇ ವೈದ್ಯರು ತಿಳಿದಿದ್ದರು. 1973ರಲ್ಲಿ ಗುರುದೀಕ್ಷೆ ಪಡೆದರು. ಅದಕ್ಕೆ ಮೊದಲು ತಮ್ಮ ಒಲವನ್ನು 'ಗುಣಪಡಿಸಿಕೊಳ್ಳಲು' ಚಿಕಿತ್ಸೆಗೂ ಹೋಗಿದ್ದರು. ಮದುವೆಯಾಗಲಿದ್ದ ಹುಡುಗಿಗೆ ತಮ್ಮ ಭಯವನ್ನು ಮುಚ್ಚಿಡದೆ ಹೇಳಿದರು. 1972ರಲ್ಲಿ ಮದುವೆಯಾಯಿತು, ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 1986ರಲ್ಲಿ ಬೇರ್ಪಟ್ಟಾಗ ಗಂಡ ಹೆಂಡತಿ ಇಬ್ಬರೂ ಗುರುವಿನೊಂದಿಗೆ ಚರ್ಚಿಗೆ ಹೋಗಿ, ಪರಸ್ಪರ ಕ್ಷಮೆ ಕೇಳಿ, ಉಂಗುರಗಳನ್ನು ಹಿಂತಿರುಗಿಸಿ, ಪ್ರಭುಭೋಜನದಲ್ಲಿ ಒಟ್ಟಾಗಿ ಪಾಲುಗೊಂಡರು. ವಿವಾಹ ಬಂಧನದ ಬಗ್ಗೆ ನಮ್ಮ ಬೋಧನೆ ಬೇರೆ. ಆದರೂ ಇದನ್ನು ಓದಿದಾಗ ನನಗೆ ನೆನಪಾದದ್ದು, ಗುಟ್ಟು ಮುಚ್ಚಿ ಮಗನಿಗೆ ಮದುವೆ ಮಾಡಿಸಿ, ಸೊಸೆಯ ಬಾಳನ್ನೂ ಹಾಳುಮಾಡುವ ನಮ್ಮ ಮನೆಗಳು.

1988ರಿಂದ ನ್ಯೂ ಹ್ಯಾಂಪ್‌ಶೈರ್ ಧರ್ಮಪ್ರಾಂತ್ಯದ ಬಿಷಪರ ಸಹಾಯಕರಾಗಿ ದುಡಿದ ಅವರನ್ನು 2003ರ ಜೂನ್ 7ರಂದು ಅಲ್ಲಿಯವರೇ ಬಿಷಪರನ್ನಾಗಿ ಆರಿಸಿದರು. ಸಂಗಾತಿಯೊಡನೆ ಬದುಕುತ್ತಿರುವುದು ಅವರಿಗೆಲ್ಲ ಗೊತ್ತಿತ್ತು. ನವೆಂಬರ್ 2ರ ದೀಕ್ಷೆಯ ದಿನ, ಕೊಲೆ ಬೆದರಿಕೆಗಳಿದ್ದುದರಿಂದ, ಪೂಜಾವಸ್ತ್ರದ ಒಳಗೆ ಗುಂಡುನಿರೋಧಕ ಕವಚ ತೊಟ್ಟಿದ್ದರು. ಆಂಗ್ಲಿಕನ್ ಒಕ್ಕೂಟದಲ್ಲಿ ದೊಡ್ಡ ಬಿರುಕು ಬಿತ್ತು. ನೈಜೀರಿಯಾ ಮೊದಲಾದ ಸಭೆಗಳು ಸಿಡಿದೆದ್ದವು. 2008ರ ಲ್ಯಾಂಬೆತ್ ಸಮ್ಮೇಳನಕ್ಕೆ ಅವರಿಗೆ ಆಹ್ವಾನವೇ ಬರಲಿಲ್ಲ. ಅದೇ ಜುಲೈನಲ್ಲಿ ಲಂಡನ್ನಿನ ಪಟ್ನಿಯ ಚರ್ಚಿನಲ್ಲಿ ಅವರು ಪ್ರವಚನ ಕೊಡುತ್ತಿದ್ದಾಗ ಒಬ್ಬಾತ ಎದ್ದು ಪಶ್ಚಾತ್ತಾಪಪಡು ಎಂದು ಕೂಗಾಡಿದ. ಅವನನ್ನು ಹೊರಗೆ ಕರೆದೊಯ್ದ ಮೇಲೆ, ಅವನಿಗಾಗಿ ಪ್ರಾರ್ಥಿಸಿ ಎಂದು ರಾಬಿನ್ಸನ್ ಜನರನ್ನು ಕೇಳಿಕೊಂಡರು.

ಪತ್ರಿಕೆಗಳು ಗದ್ದಲವನ್ನೇ ಬರೆದವು. ಕ್ರಿಸ್ಮಸ್ ಹಿಂದಿನ ಸಂಜೆ ಅವರು ಹೋಗುತ್ತಿದ್ದುದು ರಾಜ್ಯದ ಮಹಿಳಾ ಕಾರಾಗೃಹಕ್ಕೆ, ಖೈದಿಗಳೊಡನೆ ಪ್ರಭುಭೋಜನ ಆಚರಿಸಲು. 2006ರಲ್ಲಿ ಮದ್ಯದ ಚಟಕ್ಕೆ ಚಿಕಿತ್ಸೆಗೆ ಸೇರಿದಾಗ ತಮ್ಮ ಗುರುಗಳಿಗೆ ತಾವೇ ಪತ್ರ ಬರೆದು ತಿಳಿಸಿದರು. (ಇಂಥ ಪತ್ರ ಬರೆಯಲು ನಮ್ಮಲ್ಲಿ ಎಷ್ಟು ಜನರಿಗೆ ಧೈರ್ಯವಿದೆ?) 2013ರಲ್ಲಿ ನಿವೃತ್ತರಾದರು. ಸಂಗಾತಿಯೊಂದಿಗಿನ ವಿವಾಹವೂ 2014ರಲ್ಲಿ ಮುರಿಯಿತು. ಅದನ್ನೂ ಅವರು ಮರೆಮಾಚಲಿಲ್ಲ.

ಕಥೋಲಿಕ ಧರ್ಮಸಭೆ ಈ ಮಾರ್ಗವನ್ನು ಒಪ್ಪುವುದಿಲ್ಲ. ಸಲಿಂಗ ಒಲವು ತನ್ನಷ್ಟಕ್ಕೆ ಪಾಪವಲ್ಲ, ಲೈಂಗಿಕ ಕ್ರಿಯೆ ತಪ್ಪು ಎಂಬುದು ನಮ್ಮ ಬೋಧನೆ. ಆಳವಾದ ಸಲಿಂಗ ಒಲವುಳ್ಳವರನ್ನು ಗುರುಮಠಕ್ಕೆ ಸೇರಿಸಬಾರದೆಂದು ವ್ಯಾಟಿಕನ್ 2005ರಲ್ಲಿ ಸೂಚಿಸಿತು. ಆದರೆ ಅಂಥವರನ್ನು ಗೌರವದಿಂದ, ಅನುಕಂಪದಿಂದ ಕಾಣಬೇಕು, ಅನ್ಯಾಯದ ಭೇದ ಮಾಡಬಾರದು ಎಂದು ನಮ್ಮ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ಮೊದಲ ಭಾಗವನ್ನು ನಾವು ಬೋಧಿಸಿದಷ್ಟು ಎರಡನೆಯದನ್ನು ಬೋಧಿಸಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಮನ್ನು ಎತ್ತಿಹಿಡಿದಾಗ, ಸಲಿಂಗಿಗಳನ್ನು ಅಪರಾಧಿಗಳೆಂದು ಕಾಣಬೇಕೆಂಬುದು ಧರ್ಮಸಭೆಯ ನಿಲುವಲ್ಲ ಎಂದು ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಸ್ಪಷ್ಟಪಡಿಸಿದ್ದರು. ನ್ಯಾಯಾಲಯ 2018ರಲ್ಲಿ ತನ್ನ ತೀರ್ಪನ್ನು ಬದಲಿಸಿತು. ಪೋಪ್ ಫ್ರಾನ್ಸಿಸರ ಕಾಲದಲ್ಲಿ, 2023ರ ಡಿಸೆಂಬರಿನಲ್ಲಿ, ವಿವಾಹದ ಹೋಲಿಕೆ ಬಾರದಂತೆ ಸಲಿಂಗ ಜೋಡಿಗಳಿಗೂ ಸರಳ ಆಶೀರ್ವಾದ ನೀಡಲು ಗುರುಗಳಿಗೆ ಅನುಮತಿ ಬಂತು.

ಚಿಕ್ಕಬಾಣಾವರದ ಆ ತಾಯಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವನು ಪೂಜೆಗೆ ಬರಬಹುದಲ್ಲ ಫಾದರ್?" ಎಂದರು. ಬರಬಹುದು, ಬರಲೇಬೇಕು ಎಂದೆ. ಮಾತಾಡಬೇಕೆನಿಸಿದರೆ ಮಗ ಯಾವಾಗ ಬೇಕಾದರೂ ನನಗೆ ಫೋನ್ ಮಾಡಲಿ ಎಂದೂ ತಿಳಿಸಿದ್ದೇನೆ.