ಅಂಚೆ ತಕ್ಕಡಿ ಮತ್ತು ನನ್ನ ತಪ್ಪು ಉತ್ತರ

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ‘ಸನ್ನೆ’ ಪಾಠ ಮಾಡಿದೆ. ಪೀಠಿಕೆಗೆ ಹಳೆಯ ಇಂಗ್ಲಿಷ್ ಅಂಚೆ ತಕ್ಕಡಿಯ ಚಿತ್ರ ತೋರಿಸಿದೆ. ಅದೇ ಬಗೆಯ, ದಂಡದ ಮೇಲೆ ತಟ್ಟೆಗಳಿರುವ ತಕ್ಕಡಿಯನ್ನು ಕಿರಾಣಿ ಅಂಗಡಿಯಿಂದ ಕೇಳಿ ತಂದಿದ್ದೆ. ಎರಡೂ ಕಡೆ ಸಮ ತೂಗುತ್ತಿದ್ದಾಗ ಒಬ್ಬ ಹುಡುಗಿ, “ಮಿಸ್, ಬಟ್ಟನ್ನು ತಟ್ಟೆಯ ಅಂಚಿಗೆ ಸರಿಸಿದರೆ ಆ ಕಡೆ ಇಳಿಯುತ್ತಾ?” ಎಂದಳು. “ಹೌದು, ಆಧಾರದಿಂದ ದೂರ ಹೆಚ್ಚುತ್ತದಲ್ಲ” ಎಂದೆ. ಅವಳು ಸರಿಸಿದಳು. ತಕ್ಕಡಿ ಅಲುಗಲಿಲ್ಲ. ಗಂಟೆ ಬಾರಿಸಿತು, ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ಅಂಚೆ ತಕ್ಕಡಿಯ ವಿನ್ಯಾಸವನ್ನು ಮೊದಲಿನಿಂದ ಓದಿದೆ. ಬ್ರಿಟನ್ನಿನಲ್ಲಿ ಹಿಂದೆ ಪತ್ರದ ದರ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಅವಲಂಬಿಸಿತ್ತು. ರೋಲ್ಯಾಂಡ್ ಹಿಲ್ ಅವರ ಸುಧಾರಣೆಯಿಂದ 1840ರ ಜನವರಿ 10ರಂದು ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂವರೆಗಿನ ಪತ್ರಕ್ಕೆ ದೇಶದೊಳಗೆ ಎಲ್ಲಿಗಾದರೂ ಒಂದೇ ಪೆನ್ನಿ ಎಂದಾಯಿತು. ಹೀಗೆ ತೂಕವೇ ದರವಾದಾಗ ಮನೆ, ಕಚೇರಿಗಳ ಮೇಜಿನ ಮೇಲೂ ಪುಟ್ಟ ತಕ್ಕಡಿ ಬಂತು. ಭಾರತದಲ್ಲಿಯೂ 1854ರಲ್ಲಿ ಕಾಲು ತೊಲದ, ಅಂದರೆ ಮೂರು ಗ್ರಾಂಗೂ ಕಡಿಮೆ ತೂಕದ ಪತ್ರಕ್ಕೆ ಅರ್ಧ ಆಣೆ ನಿಗದಿಯಾಯಿತು.

ಸರಪಳಿಯಲ್ಲಿ ತೂಗುವ ತಟ್ಟೆಗೆ ಅಗಲವಾದ ಲಕೋಟೆ ಇಡುವುದು ಕಷ್ಟ. ಸರಪಳಿ ಅಡ್ಡ ಬರುತ್ತದೆ. ಹಾಗಾಗಿ ಮೇಲ್ಭಾಗ ತೆರೆದಿರುವ ತಟ್ಟೆ ಅನುಕೂಲ. ಆದರೆ ಲಕೋಟೆಯನ್ನು ಪ್ರತಿ ಸಲ ತಟ್ಟೆಯ ನಟ್ಟನಡುವೆ ಇಡಲಾಗದು. ಈ ತೊಡಕನ್ನು ನೀಗಿಸಿದ್ದು ಫ್ರಾನ್ಸಿನ ಗಣಿತಜ್ಞ ರೋಬರ್ವಾಲ್ 1669ರಲ್ಲಿ ತೋರಿಸಿದ್ದ ರಚನೆ.

ಅದರಲ್ಲಿ ಒಂದರ ಕೆಳಗೊಂದು ಎರಡು ಸಮಾನ ದಂಡಗಳಿವೆ. ಎರಡೂ ತಮ್ಮ ಮಧ್ಯದಲ್ಲಿ ತಿರುಗುತ್ತವೆ. ಅವುಗಳ ತುದಿಗಳನ್ನು ಎರಡು ನೆಟ್ಟನೆಯ ಕಂಬಗಳು ಜೋಡಿಸುತ್ತವೆ. ಇದು ಸಮಾಂತರ ಚತುರ್ಭುಜ. ದಂಡಗಳು ವಾಲಿದರೂ ಕಂಬಗಳು ನೇರವಾಗಿಯೇ ಉಳಿಯುತ್ತವೆ. ಕಂಬದ ತಲೆಯ ಮೇಲಿರುವ ತಟ್ಟೆಯೂ ಓರೆಯಾಗದೆ ಏರಿಳಿಯುತ್ತದೆ. ಒಂದು ತಟ್ಟೆ ಒಂದು ಸೆಂಟಿಮೀಟರ್ ಇಳಿದರೆ ಅದರ ನಡುವೂ ಅಂಚೂ ಅಷ್ಟೇ ಇಳಿಯುತ್ತವೆ, ಎದುರಿನ ತಟ್ಟೆ ಅಷ್ಟೇ ಏರುತ್ತದೆ. ಆದ್ದರಿಂದ ಸಮತೋಲನ ನಿರ್ಧರಿಸುವುದು ತೂಕ ಮಾತ್ರ, ತಟ್ಟೆಯಲ್ಲಿ ಅದರ ಸ್ಥಾನವಲ್ಲ. ಅಂಚಿನಲ್ಲಿಟ್ಟ ತೂಕ ಕಂಬವನ್ನು ವಾಲಿಸಲು ಯತ್ನಿಸುವುದು ನಿಜ. ಆ ಒತ್ತಡವನ್ನು ಎರಡು ದಂಡಗಳು ಎಳೆದು, ತಳ್ಳಿ ತಡೆಯುತ್ತವೆ. ಇದರಿಂದ ಕೀಲುಗಳಲ್ಲಿ ಘರ್ಷಣೆ ಸ್ವಲ್ಪ ಹೆಚ್ಚುತ್ತದೆ. ಅದಕ್ಕೇ ಪ್ರಯೋಗಾಲಯದ ಸೂಕ್ಷ್ಮ ತೂಕಕ್ಕೆ ಹಿಂದೆ ತೂಗುತಟ್ಟೆಯ ತಕ್ಕಡಿ ಬಳಸುತ್ತಿದ್ದರು.

ಮರುದಿನ ನಾಲ್ಕು ಮರದ ಪಟ್ಟಿಗಳಿಗೆ ತೂತು ಕೊರೆದು, ಬೋಲ್ಟು ಹಾಕಿ ಮಾದರಿ ಮಾಡಿದೆ. ಕಂಬಗಳಿಗೆ ಅಡ್ಡತೋಳು ಕಟ್ಟಿ ಒಂದು ಕಡೆ ಹತ್ತಿರ, ಇನ್ನೊಂದು ಕಡೆ ದೂರ ಸಮ ತೂಕ ನೇತುಹಾಕಿದೆ. ಸಮತೋಲನ ಕೆಡಲಿಲ್ಲ. ಕೆಳಗಿನ ದಂಡ ಕಳಚಿದಾಗ ಕಂಬಗಳೇ ವಾಲಿ ಬಿದ್ದವು. “ನಿನ್ನೆ ನಾನು ಹೇಳಿದ್ದು ತಪ್ಪು” ಎಂದು ತರಗತಿಯ ಮುಂದೆ ಒಪ್ಪಿಕೊಂಡೆ. ಆ ಹುಡುಗಿಯಿಂದಲೇ ದಂಡ ಮತ್ತೆ ಜೋಡಿಸಿಸಿದೆ.

ಸನ್ನೆಯ ನಿಯಮ ತಪ್ಪಾಗಿರಲಿಲ್ಲ. ಉಪಕರಣದ ಒಳಗನ್ನು ನೋಡದೆ ಅದನ್ನು ಅನ್ವಯಿಸಿದ್ದೆ. ಈಗ ಪಾಠಯೋಜನೆ ಬರೆಯುವ ಮುನ್ನ ಬೋಧನೋಪಕರಣವನ್ನು ಒಮ್ಮೆ ಬಿಚ್ಚಿ ನೋಡುತ್ತೇನೆ.