ಹೆಗಲಿನ ಹೊಲಿಗೆಗೆ ಕೋಶದ ಆಸರೆ

ಅಹಮದಾಬಾದಿನ ನರೋಡಾ ಕೈಗಾರಿಕಾ ವಸಾಹತಿರಲಿ, ಬೆಂಗಳೂರಿನ ಪೀಣ್ಯವಿರಲಿ, ಕೈಯನ್ನು ಹೆಗಲಿಗಿಂತ ಮೇಲೆತ್ತಿ ವರ್ಷಗಟ್ಟಲೆ ದುಡಿದವರಲ್ಲಿ ಹಲವರಿಗೆ ಒಂದು ನೋವು ಗಂಟುಬೀಳುತ್ತದೆ. ತಲೆ ಬಾಚಲು ಕೈ ಏಳುವುದಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಲಾಗುವುದಿಲ್ಲ. ಹೆಗಲ ಕೀಲನ್ನು ಹಿಡಿದಿಟ್ಟ ನಾಲ್ಕು ಸ್ನಾಯುರಜ್ಜುಗಳಲ್ಲಿ, ಅಂದರೆ ‘ರೊಟೇಟರ್ ಕಫ್’ನಲ್ಲಿ, ಹಲವೊಮ್ಮೆ ಒಂದು ಹರಿದಿರುತ್ತದೆ.

ಶಸ್ತ್ರವೈದ್ಯರು ಸಣ್ಣ ರಂಧ್ರಗಳ ಮೂಲಕ ತೋಳಿನ ಮೂಳೆಗೆ ಪುಟ್ಟ ಆಂಕರ್ ಕೂರಿಸಿ, ಅದರ ದಾರದಿಂದ ಹರಿದ ತುದಿಯನ್ನು ಮೂಳೆಗೆ ಬಿಗಿಯುತ್ತಾರೆ. ತೊಡಕಿರುವುದು ಆಮೇಲೆ. ಸಹಜ ಜೋಡಣೆಯಲ್ಲಿ ರಜ್ಜು ಹಂತಹಂತವಾಗಿ ಮೃದ್ವಸ್ಥಿಯಾಗಿ, ಕೊನೆಗೆ ಮೂಳೆಯಾಗಿ ಮಾರ್ಪಡುತ್ತದೆ. ಹೊಲಿದ ಜಾಗದಲ್ಲಿ ಬೆಳೆಯುವುದು ಮಾತ್ರ ಗಾಯದ ಕಲೆಯಂಥ ಅಂಗಾಂಶ. ದೊಡ್ಡ ಸೀಳುಗಳು ಮತ್ತೆ ಬಿಟ್ಟುಕೊಳ್ಳಲು ಇದೊಂದು ಮುಖ್ಯ ಕಾರಣ.

ಆ ಜಾಗಕ್ಕೆ ಆಕರಕೋಶ (ಸ್ಟೆಮ್ ಸೆಲ್) ಕೊಟ್ಟರೆ ಹೇಗೆ? ಫ್ರಾನ್ಸಿನ ವೈದ್ಯ ಫಿಲಿಪ್ ಎರ್ನಿಗು ರೋಗಿಯ ಸೊಂಟದ ಮೂಳೆಯಿಂದ ಆಕರಕೋಶಗಳಿರುವ ಮಜ್ಜೆ ತೆಗೆದು, ಸಾಂದ್ರಗೊಳಿಸಿ, ಹೊಲಿಗೆಯ ಜಾಗಕ್ಕೆ ಚುಚ್ಚಿದರು. 2014ರಲ್ಲಿ ಪ್ರಕಟವಾದ ಅವರ ವರದಿಯಂತೆ ಆರು ತಿಂಗಳಲ್ಲಿ 45 ಮಂದಿಗೆ 45 ಮಂದಿಯೂ ವಾಸಿಯಾಗಿದ್ದರು. ಬರೀ ಹೊಲಿಗೆಯ ಗುಂಪಿನಲ್ಲಿ ವಾಸಿಯಾದವರು 30 ಮಂದಿ. ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷದ ನಂತರ ರಜ್ಜು ಉಳಿದಿದ್ದು ಕ್ರಮವಾಗಿ ಶೇ 87 ಮತ್ತು ಶೇ 44 ಜನರಲ್ಲಿ. ಆದರೆ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಹಾಗಾಗಿ ಇದು ಭರವಸೆ ಹುಟ್ಟಿಸುತ್ತದೆ, ತೀರ್ಪು ನೀಡುವುದಿಲ್ಲ.

ಕಟ್ಟುನಿಟ್ಟಿನ ಪರೀಕ್ಷೆ ಹೇಗಿರುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ. ಮಣಿಪಾಲ ಸಮೂಹ 2006ರಲ್ಲಿ ಕಟ್ಟಿದ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯ ಆಕರಕೋಶಗಳನ್ನು ಬೆಳೆಸಿ, ಒಟ್ಟುಗೂಡಿಸಿ, ಅತಿಶೀತದಲ್ಲಿ ಕಾಪಿಡುತ್ತದೆ. ಮಂಡಿಸವೆತದ 146 ರೋಗಿಗಳ ಮೇಲೆ ನಡೆದ ಅದರ ಮೂರನೇ ಹಂತದ ಪ್ರಯೋಗದಲ್ಲಿ ಒಂದು ಗುಂಪಿಗೆ 2.5 ಕೋಟಿ ಕೋಶಗಳ ಒಂದೇ ಚುಚ್ಚುಮದ್ದು, ಇನ್ನೊಂದಕ್ಕೆ ಕೋಶವಿಲ್ಲದ್ದು. ಯಾರಿಗೆ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. 2022ರಲ್ಲಿ ಈ ಮದ್ದಿಗೆ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು.

ಆ ಒಪ್ಪಿಗೆ ಮಂಡಿಗೆ ಮಾತ್ರ.

ಹೆಗಲಿಗೂ ಅಂಥದ್ದೇ ಪರೀಕ್ಷೆ ಬೇಕು. ಹೊಲಿಗೆ ಎಲ್ಲರಿಗೂ ಒಂದೇ, ಕೋಶ ಅರ್ಧ ಜನರಿಗೆ. ರಜ್ಜು ಕೂಡಿದೆಯೇ ಎಂದು ಎಂಆರ್‌ಐ ನೋಡುವವರಿಗೆ ರೋಗಿ ಯಾವ ಗುಂಪಿನವರೆಂದು ತಿಳಿದಿರಬಾರದು. ನೋವು, ತೋಳಿನ ಬಲ, ಮತ್ತೆ ಹರಿದವರ ಲೆಕ್ಕ, ಇವನ್ನೆಲ್ಲ ವರ್ಷಗಟ್ಟಲೆ ಹಿಂಬಾಲಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ, ಒಪ್ಪಿಗೆ ಸಿಗದ ಕಾಯಿಲೆಗೆ ಆಕರಕೋಶವನ್ನು ಕ್ಲಿನಿಕಲ್ ಪ್ರಯೋಗದಲ್ಲಷ್ಟೇ ಬಳಸಬಹುದು, ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಪ್ರಯೋಗವು ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಣಿಯಾಗಿರಬೇಕು. ಆ ದಾಖಲೆ ಸಾರ್ವಜನಿಕರಿಗೆ ಮುಕ್ತವಾಗಿದ್ದು, ರೋಗಿಯ ಮನೆಯವರೇ ತೆರೆದು ನೋಡಬಹುದು.