ಕೊಳ್ಳುವವರನ್ನು ಸೆಳೆಯುವ ನುಡಿಗಳು

ಡೇರೆ ಮೇಳಗಳ ಯಕ್ಷಗಾನ ಕರಪತ್ರಗಳಲ್ಲಿ ‘ಅಮೋಘ’, ‘ಅಭೂತಪೂರ್ವ’ ಮೊದಲಾದ ವಿಶೇಷಣಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಮ್ಮ ಹಿರಿಯರು ಬಲ್ಲರು. ಅವು ಬರಿಯ ಅಲಂಕಾರವೆಂಬುದು ಓದಿದವರಿಗೆಲ್ಲ ತಿಳಿದಿತ್ತು. ಆದುದರಿಂದ ಅವುಗಳಿಂದ ಕೇಡಿರಲಿಲ್ಲ.

ಇಂದಿನ ಜಾಹೀರಾತಿನ ಬಲವಿರುವುದು ದೊಡ್ಡ ಪದಗಳಲ್ಲಲ್ಲ, ಸಣ್ಣ ಪದಗಳಲ್ಲಿ. ‘ಶೇಕಡಾ 50ರ ವರೆಗೆ ರಿಯಾಯಿತಿ’ ಎಂಬಲ್ಲಿ ನಮ್ಮ ಕಣ್ಣು 50ನ್ನು ಹಿಡಿಯುತ್ತದೆ, ‘ವರೆಗೆ’ಯನ್ನು ಕೈಬಿಡುತ್ತದೆ. ಒಂದೆರಡು ವಸ್ತುಗಳಿಗೆ 50, ಉಳಿದವುಗಳಿಗೆ 5 ಕಳೆದರೂ ವ್ಯಾಕರಣವು ವ್ಯಾಪಾರಿಯ ಪಕ್ಷದಲ್ಲೇ ಇರುತ್ತದೆ! ‘999 ರೂಪಾಯಿ ಮಾತ್ರ’ ಎನ್ನುವಾಗ ಬೆಲೆ ಕಡಿಮೆಯೆಂಬ ತೀರ್ಮಾನವನ್ನು ನಮ್ಮ ಪರವಾಗಿ ಅವನೇ ಮಾಡಿಬಿಟ್ಟಿರುತ್ತಾನೆ.

ಸಪ್ತಭಾಷೆಗಳ ಈ ನಾಡಿನಲ್ಲಿ ಇನ್ನೊಂದು ತೊಡಕಿದೆ. ಆಸೆ ಹುಟ್ಟಿಸುವ ಮಾತು ಕನ್ನಡದಲ್ಲಿ, ಷರತ್ತು ಮಾತ್ರ ಬೇರೊಂದು ಭಾಷೆಯ ಕಿರಿಯಕ್ಷರಗಳಲ್ಲಿ ಇದ್ದರೆ ಮನೆಯ ಹಿರಿಯರು ಓದುವುದೆಂತು? ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು ಕೇಂದ್ರ ಸರಕಾರವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಹೇಳಿಕೆ ಯಾವ ಭಾಷೆಯಲ್ಲಿದೆಯೋ ಅದರ ಸ್ಪಷ್ಟೀಕರಣವೂ ಅದೇ ಭಾಷೆಯಲ್ಲಿರಬೇಕು. ಷರತ್ತನ್ನು ಕನ್ನಡದಲ್ಲಿಯೇ ಕೇಳಲು ನಾವು ಸಂಕೋಚಪಡಬೇಕಾಗಿಲ್ಲ.

‘ಅಸಲಿ’ ಎಂಬ ಪದವನ್ನು ಯಾರು ಬೇಕಾದರೂ ಅಂಟಿಸಬಹುದು. ‘ಕಾಸರಗೋಡು ಸೀರೆ’ ಎಂಬ ಹೆಸರು ಹಾಗಲ್ಲ: ಇಲ್ಲಿನ ಕೈಮಗ್ಗದ ಆ ನೇಯ್ಗೆಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ.